ಮಿಲ್ಲಿನ ಮನೆಯ ಕಾರಿನ ಸದ್ದು

ಮದುವೆಯಾಗಿ ಬಂದ ಹೊಸದರಲ್ಲಿ, ಆ ಮನೆಯಲ್ಲಿ ದಿನವೂ ಜಗಳ ನಡೆಯುತ್ತದೆ ಎಂದೇ ನಾನು ತಿಳಿದಿದ್ದೆ. ಬೆಳಿಗ್ಗೆ ಎದ್ದರೆ ಅತ್ತೆ ಹಿತ್ತಲಿನಿಂದ ಕೂಗುತ್ತಿದ್ದರು, ಮಾವ ಜಗಲಿಯಿಂದ ಕೂಗುತ್ತಿದ್ದರು, ನನ್ನ ಗಂಡ ನಡುಮನೆಯಲ್ಲಿ ನಿಂತು ಇಬ್ಬರಿಗೂ ಕೂಗಿ ಉತ್ತರ ಕೊಡುತ್ತಿದ್ದರು. ನಾನು ಒಲೆಯ ಮುಂದೆ ಮುದುಡಿ ಕುಳಿತು, ಇದೆಲ್ಲ ಯಾಕಿರಬಹುದು, ನನ್ನ ತವರಿನವರು ಏನಾದರೂ ಕಡಿಮೆ ಮಾಡಿದರೇ ಎಂದು ಯೋಚಿಸುತ್ತಿದ್ದೆ. ಕಿವಿಗೊಟ್ಟು ಕೇಳಿದರೆ ಮಾತು ಇಷ್ಟೇ: ಕಾಫಿ ಆಯಿತಾ, ಎಮ್ಮೆಕರು ಹಗ್ಗ ಬಿಚ್ಚಿಕೊಂಡಿದೆ, ಇವತ್ತು ಬಿಸಿಲು ಬರುವ ಹಾಗಿದೆ.

ಅದು ಅಕ್ಕಿ ಮಿಲ್ಲಿನ ಮನೆ. ಶನಿವಾರಸಂತೆಯಿಂದ ಸೋಮವಾರಪೇಟೆಗೆ ಹೋಗುವ ರಸ್ತೆಯಲ್ಲಿ, ಮನೆಯ ಬೆನ್ನಿಗೇ ಅಂಟಿಕೊಂಡಂತೆ ಮಿಲ್ಲು. ಅದರ ಎಣ್ಣೆ ಇಂಜಿನ್ನು ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಗುದ್ದುತ್ತಲೇ ಇರುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿಟ್ಟ ಲೋಟಗಳು ಕೂಡ ಅದರ ತಾಳಕ್ಕೆ ನಡುಗುತ್ತಿದ್ದವು. ಮಿಲ್ಲಿನ ಒಳಗಂತೂ ಮಾತೇ ಇಲ್ಲ, ಎಲ್ಲ ಕೈಸನ್ನೆ. ಅಂಗೈಗೆ ಅಂಗೈ ಉಜ್ಜಿದರೆ ಅಕ್ಕಿ ಇನ್ನೂ ಬೆಳ್ಳಗಾಗಬೇಕು ಎಂದರ್ಥ, ಮುಷ್ಟಿ ಎತ್ತಿದರೆ ನಿಲ್ಲಿಸು, ಬೆರಳು ಕೂಡಿಸಿ ಬಾಯಿಯ ಹತ್ತಿರ ಹಿಡಿದರೆ ಊಟಕ್ಕೆ ಬಾ. ಮನೆಯೊಳಗೆ ಬಂದ ಮೇಲೂ ಅವರಿಗೆ ಅದೇ ರೂಢಿ. ಕೂಗಬೇಕು, ಇಲ್ಲವಾದರೆ ಸನ್ನೆ ಮಾಡಬೇಕು. ಮೆಲ್ಲಗೆ ಮಾತಾಡುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಆ ಮನೆಯವರ ನಂಬಿಕೆ.

ನನ್ನ ತವರು ಗಡಿಯಾಚೆ, ಸಕಲೇಶಪುರದ ಕಡೆ. ಅಪ್ಪನ ಲಿಂಗಪೂಜೆ ಮುಗಿಯುವವರೆಗೆ ಅಲ್ಲಿ ತಟ್ಟೆ ಕೂಡ ಸದ್ದು ಮಾಡಬಾರದು. ಅಂಥ ಮನೆಯಿಂದ ಬಂದ ನನಗೆ ಕಿವಿ ಚುರುಕು, ಕೋಪ ಇನ್ನೂ ಚುರುಕು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮಾವನಿಗೆ ಅದೊಂದು ತಮಾಷೆಯ ವಸ್ತು. "ಮೈಸೂರ್ನೋರು ನಮ್ಮ ರಾಜ್ಯ ತಗೊಂಡ್ರು, ನಾವು ಅವರ ಹುಡ್ಗೀನ ತಗೊಂಬಂದ್ವಿ. ಲುಕ್ಸಾನು ಅವ್ರಿಗೇ!" ಎಂದು ಮಿಲ್ಲಿಗೆ ಬಂದವರಿಗೆಲ್ಲ ಕೂಗಿ ಹೇಳುತ್ತಿದ್ದರು. ಆ ಒಂದು ಮಾತಿನಿಂದಲೇ ನನಗೆ ಮಾವ ಇಷ್ಟವಾಗಿಬಿಟ್ಟಿದ್ದರು.

ಮಾವನಿಗೆ ಮಿಲ್ಲು ಅನ್ನವಾದರೆ ಕಾರು ಪ್ರಾಣ. ಸುಂಟಿಕೊಪ್ಪದ ಕಡೆಯ ಎಸ್ಟೇಟಿನ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಇವರಿಗೆ ಕೊಟ್ಟುಹೋದ ಕಾರು ಅದು. ಹಸಿರು ಬಣ್ಣ, ದುಂಡು ಬೆನ್ನು, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಸ್ಟಾರ್ಟ್ ಆಗುವಂಥದ್ದು. ಡ್ರೈವರನ್ನು ಇಟ್ಟುಕೊಳ್ಳಿ ಎಂದು ಯಾರು ಹೇಳಿದರೂ ಕೇಳಲಿಲ್ಲ, ಮಗನಿಗೂ ಸ್ಟೇರಿಂಗ್ ಕೊಡುತ್ತಿದ್ದುದು ಅಪರೂಪ. ಅದನ್ನು ನಿಲ್ಲಿಸುತ್ತಿದ್ದುದು ಕೂಡ ಮಿಲ್ಲಿನೊಳಗೆ, ತೌಡು ಬೀಳುವ ಜಾಗದ ಪಕ್ಕದಲ್ಲಿ. ಕೆಲಸ ಮಾಡುತ್ತಿರುವಾಗಲೂ ಕಾರು ಕಣ್ಣಿಗೆ ಬೀಳುತ್ತಿರಬೇಕು. ಸುತ್ತಲ ಊರಿಗೆಲ್ಲ ಇಂಜಿನ್ನಿನ ವಿಷಯದಲ್ಲಿ ಮಾವನೇ ಪಂಡಿತರು. ತೋಟದವರ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಇಂಜಿನ್ನು ಮುನಿಸಿಕೊಂಡರೆ ಮೊದಲು ಇವರಿಗೇ ಹೇಳಿಕಳಿಸುತ್ತಿದ್ದರು. ಮಾವ ಹೋಗಿ ಇಂಜಿನ್ನಿನ ಮೈಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಿಂತು, ಇಂಥಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. "ಇಂಜಿನ್ನು ಮಾತಾಡ್ತದೆ, ಕೇಳೋ ಕಿವಿ ಬೇಕು," ಎನ್ನುವುದು ಅವರ ಮಾತು.

ಇನ್ನೊಂದು ಸಂಗತಿ. ಆ ಕಾಲದಲ್ಲಿ ನಮ್ಮ ಕಡೆ ಹೆಂಗಸರು ಕಾರಿನ ಹಿಂದಿನ ಸೀಟಿನಲ್ಲಿ ಕೂರಬೇಕು, ಮುಂದೆ ಗಂಡಸರು. ಈ ಕಾರಿನಲ್ಲಿ ಮಾತ್ರ ಅತ್ತೆ ಮುಂದೆ, ಮಾವನ ಪಕ್ಕದಲ್ಲಿ. ಬೆಳೆದ ಮಗ ಹಿಂದೆ. ಶನಿವಾರಸಂತೆಯ ಅಂಗಡಿಬೀದಿಯವರು, "ದೊರೆ ಕಾರಿನ ಜೊತೆ ದೊರೆಸಾನಿ ಗತ್ತೂ ಬಂತು" ಎಂದು ಆಡಿಕೊಳ್ಳುತ್ತಿದ್ದರಂತೆ. ಈ ವಯಸ್ಸಿನಲ್ಲೂ ಇವರಿಗೆ ಎಷ್ಟು ಪ್ರೀತಿ ಎಂದು ನಾನೂ ಒಳಗೊಳಗೇ ನಗುತ್ತಿದ್ದೆ. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅನ್ನಿ.

ಸದ್ದು ಶುರುವಾದದ್ದು ನನ್ನ ನಾದಿನಿ ಬಾಣಂತನಕ್ಕೆ ಬಂದಿದ್ದ ಸಮಯದಲ್ಲಿ. ಅವಳನ್ನು ಗಾಳಿಬೀಡಿನ ಕಡೆಗೆ ಕೊಟ್ಟಿತ್ತು. ಗಂಡ ಅಲ್ಲಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮಗು ಹುಟ್ಟಿ, ಆರೈಕೆಯೆಲ್ಲ ಮುಗಿದು, ತಾಯಿ-ಮಗುವನ್ನು ಕಾರಿನಲ್ಲೇ ಗಂಡನ ಮನೆಗೆ ಬಿಟ್ಟುಬರುವುದು ಎಂದು ತೀರ್ಮಾನವಾಗಿತ್ತು. ಸೋಮವಾರಪೇಟೆ, ಮಾದಾಪುರ, ಅಲ್ಲಿಂದ ಮಡಿಕೇರಿಗೆ ಏರುದಾರಿ, ಮುಂದೆ ಗಾಳಿಬೀಡು. ದಾರಿಯುದ್ದಕ್ಕೂ ತಿರುವು, ಒಂದು ಬದಿಗೆ ಗುಡ್ಡ ಕಡಿದ ಬರೆ, ಇನ್ನೊಂದು ಬದಿಗೆ ಕಣಿವೆ, ಎದುರಿಗೆ ಮರ ಹೊತ್ತ ಲಾರಿಗಳು.

ಒಂದು ದಿನ ಸೋಮವಾರಪೇಟೆಗೆ ಹೋಗುವಾಗ ಇಂಜಿನ್ನಿನಿಂದ ಸಣ್ಣಗೆ ಕುಂಯ್‌ಗುಟ್ಟುವ ಸದ್ದು ಬಂತು. ಹೊಸ ಚಪ್ಪಲಿ ಕಿರುಗುಟ್ಟುತ್ತದಲ್ಲ, ಅಷ್ಟೇ. ಕಾರು ಜೋರಾದರೆ ಅದೂ ಏರುತ್ತಿತ್ತು, ನಿಧಾನವಾದರೆ ಇಳಿಯುತ್ತಿತ್ತು. ನಾನು ಗಂಡನ ಕಿವಿಯಲ್ಲಿ ಹೇಳಿದೆ. ಅವರೂ ಕೇಳಿಸಿಕೊಂಡು ಮುಂದೆ ಬಾಗಿ ಕೂಗಿದರು: "ಅಪ್ಪಯ್ಯಾ, ಇಂಜಿನ್ನಲ್ಲಿ ಏನೋ ಸದ್ದು ಬತ್ತಾ ಐತೆ."

"ಯಾವ ಸದ್ದು? ಬೆಣ್ಣೆ ಹಂಗೆ ಓಡ್ತಾ ಐತೆ," ಎಂದರು ಮಾವ.

"ಅವ್ವಾ, ನಿಂಗೆ ಕೇಳಲ್ವಾ?"

ಅತ್ತೆ ರಸ್ತೆಯಿಂದ ಕಣ್ಣು ಕೀಳದೆ, "ನಂಗೇನೂ ಕೇಳಿಸ್ತಿಲ್ಲಪ್ಪ," ಎಂದರು.

ಮುಂದಿನ ಕೆಲವು ವಾರ ಆ ಸದ್ದಿನದೇ ಮಾತು. ಊರಿಗೆಲ್ಲ ಅಭಿಪ್ರಾಯವಿತ್ತು, ಔಷಧಿ ಯಾರಲ್ಲೂ ಇರಲಿಲ್ಲ. ನನ್ನ ಗಂಡ ಫ್ಯಾನ್ ಬೆಲ್ಟಿನದೇ ತಪ್ಪು ಎಂದು ಬಟ್ಟೆ ಸೋಪಿನ ತುಂಡು ತಂದು ಬೆಲ್ಟಿಗೆ ಉಜ್ಜಿದರು. ಸೋಪು ಖರ್ಚಾಯಿತು, ಸದ್ದು ಹಾಗೇ ಉಳಿಯಿತು. ಸೋಮವಾರಪೇಟೆಯಲ್ಲಿ ಕೇರಳದ ಕಡೆಯ ಮೇಸ್ತ್ರಿಯೊಬ್ಬ ಇದ್ದ, ಬಲು ಮಾತುಗಾರ. ಅವನು ಬಾನೆಟ್ಟು ಎತ್ತಿ ನೋಡಿ, "ಇದು ಟ್ಯಾಪೆಟ್ ಸಾರ್, ಟ್ಯಾಪೆಟ್ ಬಿಟ್ಟು ಬೇರೆ ಎಂತದೂ ಅಲ್ಲ," ಎಂದು ಅರ್ಧ ದಿನ ಅದನ್ನು ಬಿಗಿ ಮಾಡಿದ. ಮುಗಿದ ಮೇಲೆ ಹೆಮ್ಮೆಯಿಂದ ಮಾವನನ್ನು, "ಈಗ ಸದ್ದು ಉಂಟಾ ಸಾರ್?" ಎಂದು ಕೇಳಿದ.

"ಇಲ್ಲ," ಎಂದರು ಮಾವ. "ಮೊದ್ಲೂ ಇರ್ಲಿಲ್ಲ."

ಮೇಸ್ತ್ರಿ ನನ್ನ ಗಂಡನ ಮುಖ ನೋಡಿದ, ಗಂಡ ನನ್ನ ಮುಖ ನೋಡಿದರು. ಮನೆಗೆ ಬರುವ ದಾರಿಯುದ್ದಕ್ಕೂ ಸದ್ದು ಕುಂಯ್‌ಗುಡುತ್ತಲೇ ಇತ್ತು. ಕಡೆಗೆ ಗಂಡನೂ ಸೋತು, "ಅಪ್ಪಯ್ಯ ಇಲ್ಲ ಅಂದ್ರೆ ಇಲ್ಲ ಬಿಡು. ಇಂಜಿನ್ ವಿಷ್ಯ ಅವರಿಗಿಂತ ನಿಂಗೆ ಗೊತ್ತಾ?" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದದ್ದು ಅತ್ತೆಯ ಮೇಲೆ. ಎಮ್ಮೆ ಕೊಟ್ಟಿಗೆಯಲ್ಲಿ ಉಸಿರು ಬದಲಿಸಿದರೆ ಒಳಗೆ ಮಲಗಿದ್ದಲ್ಲೇ ತಿಳಿಯುವ ಹೆಂಗಸು ಅವರು. ಕಿವಿಯ ಬುಡದಲ್ಲೇ ಕಿರುಚುವ ಸದ್ದು ಕೇಳುವುದಿಲ್ಲ ಎಂದರೆ ಅದು ಶುದ್ಧ ಸುಳ್ಳು. ಸೊಸೆಯ ಮಾತು ಗೆಲ್ಲಬಾರದು ಎಂದೇ ಹೀಗೆ ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿ, ಪಾತ್ರೆಗಳನ್ನು ಕುಕ್ಕಲು ಶುರುಮಾಡಿದೆ. ಆ ಮನೆಯಲ್ಲಿ ಪಾತ್ರೆ ಕುಕ್ಕಿದರೆ ಯಾರಿಗೆ ಗೊತ್ತಾಗಬೇಕು?

ಅಮಾವಾಸ್ಯೆಗೆ ಮಿಲ್ಲಿಗೆ ರಜೆ. ಅವತ್ತು ಇಂಜಿನ್ನನ್ನು ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟು ಪೂಜೆ ಮಾಡುವುದು ಪದ್ಧತಿ. ಮಧ್ಯಾಹ್ನ ಮಾವನನ್ನು ಊಟಕ್ಕೆ ಕರೆಯಲು ಹೋದೆ. ಇಡೀ ಮಿಲ್ಲು ನಿಶ್ಶಬ್ದ. ಮಾವ ನನಗೆ ಬೆನ್ನು ಹಾಕಿ ಬೆಲ್ಟಿಗೆ ಎಣ್ಣೆ ಸವರುತ್ತ ಕುಳಿತಿದ್ದರು. "ಮಾವಾ, ಊಟ," ಎಂದೆ. ತಿರುಗಲಿಲ್ಲ. ಜೋರಾಗಿ ಕರೆದೆ, ತಿರುಗಲಿಲ್ಲ. ಆ ಮನೆಯ ಗಂಟಲಿನಲ್ಲೇ ಕೂಗಿದೆ. ಸೂರಿನ ಪಾರಿವಾಳಗಳು ಹಾರಿದವು, ಮಾವ ಮಾತ್ರ ಎಣ್ಣೆ ಸವರುತ್ತಲೇ ಇದ್ದರು. ಸದ್ದಿನ ವಿಷಯ ಎತ್ತಿದ್ದಕ್ಕೆ ನನ್ನ ಮೇಲೆ ಮುನಿದಿದ್ದಾರೆ ಎಂದುಕೊಂಡು ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಅತ್ತೆ ನನ್ನ ಹಿಂದಿನಿಂದ ಬಂದು, ಹಿಮ್ಮಡಿಯಿಂದ ನೆಲದ ಹಲಗೆಯನ್ನು ಒಮ್ಮೆ ಗುದ್ದಿದರು. ಮಾವ ಥಟ್ಟನೆ ತಿರುಗಿದರು. ಅತ್ತೆ ಬೆರಳು ಕೂಡಿಸಿ ಊಟದ ಸನ್ನೆ ಮಾಡಿದರು. "ಬಂದೆ, ಬಂದೆ," ಎಂದು ಎದ್ದರು.

ಮಾವ ಮಿಲ್ಲಿನಲ್ಲಿ ಎಂದೂ ಚಪ್ಪಲಿ ಮೆಟ್ಟುತ್ತಿರಲಿಲ್ಲ, ಕಾರನ್ನೂ ಬರಿಗಾಲಿನಲ್ಲೇ ಓಡಿಸುತ್ತಿದ್ದರು. ಭಕ್ತಿ ಎಂದು ಎಲ್ಲರೂ ತಿಳಿದಿದ್ದೆವು. ಇಂಜಿನ್ನಿನ ಮಾತು ಅವರಿಗೆ ಕೇಳುತ್ತಿದ್ದುದು ಅಂಗಾಲಿನಿಂದ, ಅಂಗೈಯಿಂದ. ಗುದ್ದುವ, ನಡುಗುವ ಸದ್ದುಗಳೆಲ್ಲ ಹಾಗೆ ಅವರಿಗೆ ಸಿಗುತ್ತಿದ್ದವು. ಮಾತಾದರೆ ಎದುರಿಗಿದ್ದವರ ತುಟಿ ನೋಡಿ, ಕಿವಿಯ ಹತ್ತಿರ ಕೂಗಿದ್ದನ್ನು ಹಿಡಿದು ಊಹಿಸಿಕೊಳ್ಳುತ್ತಿದ್ದರು. ಸಣ್ಣಗೆ ಕುಂಯ್‌ಗುಟ್ಟುವ ಸದ್ದು ನೆಲಕ್ಕೆ ಇಳಿಯುವುದಿಲ್ಲ.

ಅತ್ತೆ ನನ್ನ ಕೈ ಹಿಡಿದು ಮೂಟೆಗಳ ಮರೆಗೆ ಎಳೆದುಕೊಂಡು ಹೋದರು. "ಗೊತ್ತಾಯ್ತೇನವ್ವಾ?" ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾವಾಗಿನಿಂದ ಅತ್ತೆ?"

"ವರ್ಷಗಳೇ ಆದ್ವು. ಈ ಮಿಲ್ಲೇ ತಿಂದಾಕ್ತು. ಎಲ್ಲಾರೂ ಕೂಗಾಡೋ ಮನೇಲಿ ಯಾರಿಗೆ ಗೊತ್ತಾಯ್ತದೆ ಹೇಳು."

"ಮಾವಂಗೆ ಗೊತ್ತಾ?"

"ಅರ್ಧ ಗೊತ್ತು. ಇನ್ನರ್ಧ ಗೊತ್ತಾಗಕ್ಕೆ ನಾನೇ ಬಿಟ್ಟಿಲ್ಲ."

ಕಾರಿನ ಮುಂದಿನ ಸೀಟಿನ ಗುಟ್ಟು ಆಗ ಹೊರಗೆ ಬಂತು. ಹಿಂದಿನಿಂದ ಹಾರನ್ ಕೇಳಿದರೆ ಅತ್ತೆ ಮಾವನ ಮೊಣಕಾಲಿಗೆ ಒಂದು ತಟ್ಟು ತಟ್ಟಬೇಕು. ತಿರುವಿನ ಆಚೆ ಲಾರಿ ಬರುವ ಸದ್ದಾದರೆ ತೊಡೆ ಅದುಮಿ ಹಿಡಿಯಬೇಕು. ಮಾವ ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ, ಅತ್ತೆ ಒಮ್ಮೆಯೂ ಹೇಳಿರಲಿಲ್ಲ. ಸಂಸಾರದಲ್ಲಿ ಎಷ್ಟೋ ಒಪ್ಪಂದಗಳು ಹೀಗೆ ಬಾಯಿಲ್ಲದೆಯೇ ಆಗುತ್ತವೆ ಎಂದು ಈಗ ನನಗೂ ಗೊತ್ತು.

"ನಿನ್ನ ಗಂಡಂಗೆ ತಿಳಿದ್ರೆ ಆವತ್ತೇ ಸ್ಟೇರಿಂಗ್ ಕಿತ್ಕೋತಾನೆ. ಕಿತ್ಕೊಳ್ಳೋದು ತಪ್ಪು ಅಂತ ನಾನೂ ಅನ್ನಲ್ಲ. ಆದ್ರೆ ಅದೊಂದು ಹೋದ್ರೆ ಈ ಮನುಷ್ಯ ಮೂಲೆ ಹಿಡೀತಾನೆ ಕಣವ್ವ. ನಂಗೆ ಅದೇ ಭಯ," ಎಂದರು ಅತ್ತೆ. ಹೇಳುತ್ತ ಹೇಳುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅದರ ಜಾಗದಲ್ಲಿ ಬಂದು ಕುಳಿತದ್ದು ಹೆದರಿಕೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ನಾದಿನಿ ಕೂರಬೇಕಾದ ಕಾರು ಅದು. ಅದರ ಇಂಜಿನ್ನಿನಲ್ಲಿ ಏನೋ ಕೆಟ್ಟಿದೆ, ಅದನ್ನು ಹೇಳಿದರೆ ಓಡಿಸುವವರ ಕಿವಿಯ ವಿಷಯ ಹೊರಬೀಳುತ್ತದೆ, ಹೇಳದಿದ್ದರೆ ಕಾರು ಘಾಟಿಯಲ್ಲಿ ಕೈಕೊಡುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ಸದ್ದು ಇರೋದು ನಿಜ ತಾನೇ ಅತ್ತೆ?"

"ನಿಜ ಇಲ್ದೆ ಏನು. ಮಲಗಿದ್ರೂ ಕಿವೀಲಿ ಕುಂಯ್ ಅಂತದೆ."

"ಹಂಗಾದ್ರೆ ನಾವೇ ಹುಡುಕಾಣ," ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊದಲ ಸಲ ನನ್ನ ಮಾತಿಗೆ ಬೇಡ ಎನ್ನಲಿಲ್ಲ.

ಶನಿವಾರ ಅಪ್ಪ-ಮಗ ಇಬ್ಬರೂ ಬಸ್ಸಿನಲ್ಲಿ ಸಂತೆಗೆ ಹೋದರು. ಮಿಲ್ಲು ನಿಂತಿತ್ತು. ಇಬ್ಬರೂ ಸೆರಗು ಬಿಗಿದು, ಜಡೆಯನ್ನು ಗಂಟು ಹಾಕಿಕೊಂಡು ಕಾರಿನ ಮುಂದೆ ನಿಂತೆವು. ತಿರುಗುವ ಫ್ಯಾನಿಗೆ ಕೂದಲು ಸಿಕ್ಕರೆ ಕತೆ ಮುಗಿದಂತೆ. ಹ್ಯಾಂಡಲ್ ಹಿಡಿಯುವುದನ್ನು ಅತ್ತೆಯೇ ತೋರಿಸಿದರು. "ಹೆಬ್ಬೆರಳು ಸುತ್ತ ಹಾಕ್ಬೇಡ. ಹಿಂದಕ್ಕೆ ಒದ್ರೆ ಮಣಿಕಟ್ಟು ಮುರೀತದೆ. ನಾಲ್ಕು ಬೆರಳಿನ ಜೊತೇಲೇ ಇಡು." ಅಷ್ಟು ವರ್ಷ ಪಕ್ಕದಲ್ಲಿ ಕುಳಿತವರು ಸುಮ್ಮನೆ ಕುಳಿತಿರಲಿಲ್ಲ. ಕೈ ಬೊಬ್ಬೆಯೇಳುವಷ್ಟು ತಿರುಗಿಸಿದ ಮೇಲೆ ಇಂಜಿನ್ನು ಎದ್ದಿತು, ಜೊತೆಗೆ ಸದ್ದೂ ಎದ್ದಿತು.

ಹತ್ತಿರ ನಿಂತರೆ ಸದ್ದು ಎಲ್ಲ ಕಡೆಯಿಂದ ಬಂದಂತೆ ಕೇಳುತ್ತದೆ. ನಾನು ಅಡುಗೆಮನೆಯಿಂದ ಊದುಕೊಳವೆ ತಂದೆ. ಒಲೆ ಊದುವ ಕಬ್ಬಿಣದ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಇಂಜಿನ್ನಿನ ಮೈಗೆ. ಒಂದು ಕಡೆ ಇಟ್ಟರೆ ಟಪಟಪ, ಇನ್ನೊಂದು ಕಡೆ ಗುರ್ ಎನ್ನುವ ಸದ್ದು. ಫ್ಯಾನಿನ ಹಿಂದೆ, ಬೆಲ್ಟಿನ ಗಾಲಿಯ ಹತ್ತಿರ ಇಟ್ಟೆ ನೋಡಿ, ಸೂಜಿಯಿಂದ ಚುಚ್ಚಿದ ಹಾಗಾಗಿ ಕೊಳವೆಯನ್ನು ಕಿತ್ತುಕೊಂಡೆ. "ಇಲ್ಲೇ ಅತ್ತೆ! ಸಿಕ್ತು!" ಎಂದು ಕುಣಿದೆ.

ಅತ್ತೆ ಕುಣಿಯಲಿಲ್ಲ. ಅವರು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಮಗನನ್ನು ಸಂತೆಯಲ್ಲೇ ಬಿಟ್ಟು ಮೊದಲೇ ಬಂದಿದ್ದ ಮಾವ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಚೀಲ ಕೆಳಗಿಟ್ಟು ಬಂದು ನನ್ನ ಕೈಯಿಂದ ಊದುಕೊಳವೆ ತೆಗೆದುಕೊಂಡರು. ನಾನು ತೋರಿಸಿದ ಜಾಗಕ್ಕೇ ಅದನ್ನು ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರು. ಆಮೇಲೆ ಇನ್ನೊಂದು ಕಿವಿಗೆ ಬದಲಿಸಿದರು. ಸದ್ದು ನಮ್ಮ ಹಲ್ಲು ಜುಮ್ಮೆನ್ನುವಷ್ಟು ಕಿರುಚುತ್ತಿತ್ತು. "ಹೂಂ, ಕೇಳ್ತು," ಎಂದು ಒಂದು ಸುಳ್ಳು ಹೇಳಿಬಿಡಲಿ ದೇವರೇ ಎಂದು ನಾನು ಬೇಡಿಕೊಂಡೆ. ಅಷ್ಟು ಹೇಳಿದ್ದರೆ ಎಲ್ಲ ಮೊದಲಿನ ಹಾಗೆಯೇ ಉಳಿಯುತ್ತಿತ್ತು. ಅತ್ತೆ ನೆಲ ನೋಡುತ್ತ ನಿಂತಿದ್ದರು.

ಮಾವ ಮುಷ್ಟಿ ಎತ್ತಿದರು. ನಾನು ಇಂಜಿನ್ ನಿಲ್ಲಿಸಿದೆ.

"ನಂಗೆ ಏನೂ ಕೇಳ್ತಿಲ್ಲ," ಎಂದರು. ಮಿಲ್ಲಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳುವುದಿಲ್ಲ, ಎಲ್ಲರ ಕಿವಿಯೂ ತನ್ನ ಹಾಗೇ ಎಂದು ಅವರು ತಮಗೆ ತಾವೇ ಹೇಳಿಕೊಂಡಿದ್ದಿರಬೇಕು. ಮನೆಮಂದಿಗೆಲ್ಲ ಕಿರುಚಿ ಕೇಳುವುದು ತನ್ನೊಬ್ಬನಿಗೆ ಸುಳಿಯಲೇ ಇಲ್ಲ ಎಂದು ಕೊಳವೆ ಹಿಡಿದ ಆ ಗಳಿಗೆಯಲ್ಲಿ ಅವರಿಗೆ ತಿಳಿಯಿತು. ಆ ಮುಖ ನೋಡಲು ನನ್ನಿಂದ ಆಗಲಿಲ್ಲ.

ಕೊಳವೆಯನ್ನು ನನ್ನ ಕೈಗೆ ಕೊಟ್ಟು ಅವರೇ ಕೇಳಿದರು. "ಹೆಂಗೈತೆ ಅದು? ಕೂಗಿ ತೋರ್ಸು ಮಗಾ."

ಹೊಸ ಸೊಸೆ ಮಾವನ ಕಿವಿಯ ಹತ್ತಿರ ಬಾಯಿಟ್ಟು "ಕುಂಯ್ಯ್" ಎಂದು ಕಿರುಚುವುದೆಂದರೆ ಏನೆಂದುಕೊಂಡಿರಿ! ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎನಿಸಿತು. ಆದರೂ ಕಿರುಚಿದೆ. "ಕೇಳ್ಲಿಲ್ಲ. ದಪ್ಪ ಗಂಟ್ಲಲ್ಲಿ ಮಾಡು." ಮಾಡಿದೆ. "ಇಂಜಿನ್ನು ಏರ್ಸಿದ್ರೆ ಹೆಂಗಾಯ್ತದೆ, ಅದನ್ನ ಮಾಡು." ಅದನ್ನೂ ಮಾಡಿದೆ. ಒಳಗಿನಿಂದ ನಾದಿನಿ ಮಗುವನ್ನು ಎತ್ತಿಕೊಂಡು, ಯಾರಿಗೋ ಹಾವು ಕಚ್ಚಿತು ಎಂದು ಓಡಿಬಂದಳು. ಅತ್ತೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ನಗುವೋ ಅಳುವೋ, ನನಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಮಾವ ಪ್ರಶ್ನೆ ಕೇಳುತ್ತ ಹೋದರು, ನಾನು ಅವರಿಗೆ ಕಿವಿಯಾದೆ. "ಬೆಲ್ಟಿನ ಮೇಲೆ ನೀರು ಚುಮುಕ್ಸು. ಬೆಲ್ಟಿಂದು ತಪ್ಪಾದ್ರೆ ಆ ಗಳಿಗೆ ಸುಮ್ಮನಾಯ್ತದೆ." ಇಂಜಿನ್ನನ್ನು ಮತ್ತೆ ಎಬ್ಬಿಸಿ ಚಿಮುಕಿಸಿದೆ, ಸುಮ್ಮನಾಗಲಿಲ್ಲ. ಬೆಲ್ಟನ್ನೇ ಬಿಚ್ಚಿ ಒಂದು ಗಳಿಗೆ ಸ್ಟಾರ್ಟ್ ಮಾಡಿಸಿದರು. "ಈಗ?" "ಇಲ್ಲ ಮಾವ, ನಿಂತೋಯ್ತು." "ಹಂಗಾದ್ರೆ ಬೆಲ್ಟು ತಿರುಗ್ಸೋದ್ರಲ್ಲಿ ಐತೆ. ಒಂದು ಡೈನಮೋ, ಇಲ್ಲ ನೀರಿನ ಪಂಪು." ಇಂಜಿನ್ ನಿಲ್ಲಿಸಿ ಡೈನಮೋದ ಗಾಲಿಯನ್ನು ಕೈಯಿಂದ ತಿರುಗಿಸಿದರು, ನುಣ್ಣಗೆ ತಿರುಗಿತು. ನೀರಿನ ಪಂಪಿನ ಅಚ್ಚಿಗೇ ಕೂರಿಸಿದ್ದ ಫ್ಯಾನನ್ನು ತಿರುಗಿಸಿದರು. ಅಲ್ಲಿ ಅವರ ಕೈ ನಿಂತಿತು. ಇನ್ನೊಮ್ಮೆ ತಿರುಗಿಸಿ, ನನ್ನ ಕೈಯನ್ನೂ ಅದರ ಮೇಲಿಟ್ಟರು. ಬೀಸುವ ಕಲ್ಲಿನಲ್ಲಿ ಮರಳು ಸಿಕ್ಕಿಕೊಂಡ ಹಾಗೆ ಒರಟೊರಟಾಗಿ ತಡೆಯುತ್ತಿತ್ತು. "ಇದು ನನ್ನ ಕೈಗೆ ಕೇಳ್ತದೆ," ಎಂದರು.

ನೀರಿನ ಪಂಪು ಬಿಚ್ಚಿ ನೋಡಿದರೆ ಕಾರಣ ಅಲ್ಲೇ ಇತ್ತು. ಗ್ರೀಸು ತುಂಬುವ ಸಣ್ಣ ಬಟ್ಟಲಿಗೆ ಮಿಲ್ಲಿನ ತೌಡು ಕೂತು, ಗ್ರೀಸಿನ ಜೊತೆ ಕಲೆತು, ಹಳೆಯ ತಂಬಿಟ್ಟಿನಷ್ಟು ಗಟ್ಟಿಯಾಗಿತ್ತು. ಮಾವ ತಪ್ಪದೆ ಗ್ರೀಸು ತುಂಬುತ್ತಿದ್ದರು, ಒಂದು ತೊಟ್ಟೂ ಒಳಗೆ ಇಳಿಯುತ್ತಿರಲಿಲ್ಲ. ಪಂಪಿನ ಅಚ್ಚು ಒಣಗಿ ಕಿರುಚುತ್ತಿತ್ತು. ಪ್ರಾಣದಂಥ ಕಾರು ಸದಾ ಕಣ್ಣ ಮುಂದಿರಲಿ ಎಂದು ತೌಡಿನ ಧೂಳಿನಲ್ಲಿ ನಿಲ್ಲಿಸಿಕೊಂಡವರು ಮಿಲ್ಲಿನವರಲ್ಲದೆ ಇನ್ಯಾರು? "ಇನ್ನೊಂದೆರಡು ಘಾಟಿ ಹತ್ತಿದ್ರೆ ಅಚ್ಚು ಮುರಿದು ಫ್ಯಾನು ಹಾರ್ತಿತ್ತು," ಎಂದರು ಮಾವ. ಮಗುವಿನ ಕಡೆಗೊಮ್ಮೆ ನೋಡಿದರು.

ಸೀಮೆಎಣ್ಣೆ ಹುಯ್ದು, ತಂತಿ ಆಡಿಸಿ ಗ್ರೀಸಿನ ದಾರಿ ಬಿಡಿಸಿದೆವು. ಅಚ್ಚನ್ನು ಒರೆಸಿ, ಹೊಸ ಗ್ರೀಸು ತುಂಬಿ, ಎಲ್ಲ ಜೋಡಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಂಜಿನ್ ಎಬ್ಬಿಸಿ ಮಾವ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ, ಇಲ್ಲ, ನಿಂತಿದೆ ಎಂದು. ಅವರಿಗೆ ಆಗಿನದಕ್ಕೂ ಈಗಿನದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಊರ ಇಂಜಿನ್ನುಗಳ ಪಂಡಿತರು ಸೊಸೆಯ ತಲೆಯಾಡಿಸುವಿಕೆಯನ್ನು ನಂಬಿ ಬಾನೆಟ್ಟು ಮುಚ್ಚಿದರು. ಕಾರು ಅಂದಿನಿಂದ ಅಂಗಳದ ಚಪ್ಪರಕ್ಕೆ ಬಂತು. ಸಂತೆಯಿಂದ ಬಂದ ಗಂಡನಿಗೆ ಪಂಪಿನ ಕತೆ ಹೇಳಿದೆವು. ಕಿವಿಯ ವಿಷಯ ಯಾರೂ ಎತ್ತಲಿಲ್ಲ. ಅತ್ತೆ ನನ್ನ ಕಡೆ ನೋಡಿದರು. ನಾನೂ ಬಾಯಿ ಬಿಡಲಿಲ್ಲ. ಆದರೆ ಹೊರಡುವ ದಿನ ಹತ್ತಿರವಾದಂತೆ ನನಗೆ ಅನ್ನ ರುಚಿಸುತ್ತಿರಲಿಲ್ಲ. ಇಂಜಿನ್ನೇನೋ ಸರಿಯಾಗಿತ್ತು, ತಿರುವುಗಳು ಅಲ್ಲೇ ಇದ್ದವು.

ಹೊರಡುವ ಬೆಳಿಗ್ಗೆ ತೊಟ್ಟಿಲ ಬಟ್ಟೆ, ಬಾಣಂತಿಯ ಲೇಹ್ಯ, ಅಕ್ಕಿ, ಎಲ್ಲ ಕಾರಿಗೆ ಏರಿತು. ನಾದಿನಿ ಮಗುವಿನೊಂದಿಗೆ ಹಿಂದೆ ಕುಳಿತಳು, ಪಕ್ಕದಲ್ಲಿ ನಾನು. ಅತ್ತೆ ಎಂದಿನಂತೆ ಮುಂದಿನ ಎಡಬಾಗಿಲಿಗೆ ಕೈ ಹಾಕಿ ನಿಂತಿದ್ದರು. ಮಾವ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ ಬಂದವರು ಸ್ಟೇರಿಂಗಿನ ಕಡೆ ಹೋಗಲಿಲ್ಲ. ಸುತ್ತು ಹಾಕಿಕೊಂಡು ಅದೇ ಎಡಬಾಗಿಲಿಗೆ ಬಂದರು.

"ನೀನು ಹಿಂದೆ ಹತ್ತು," ಎಂದರು ಅತ್ತೆಗೆ. ಮಗನ ಕಡೆ ತಿರುಗಿ, "ನೀನು ಓಡ್ಸೋ. ನಂಗೆ ಲಾರಿ ಹಾರನ್ ಕೇಳಲ್ಲ," ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದರು. ಮೆಲ್ಲಗೆ ಹೇಳಬಹುದಾದದ್ದು ಆ ಮನೆಯಲ್ಲಿ ಯಾವುದಿತ್ತು? ನನ್ನ ಗಂಡ ತಂದೆಯ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಕಡೆಗೆ ಏನೂ ಕೇಳದೆ ಹೋಗಿ ಬಲಗಡೆ ಕುಳಿತರು. ಅಷ್ಟು ವಿವೇಕ ಅವರಿಗಿತ್ತು, ಅದನ್ನು ಮೆಚ್ಚಬೇಕು.

ಅತ್ತೆ ಹಿಂದೆ, ಕಿಟಕಿಯ ಬದಿಗೆ ಬಂದು ಕುಳಿತರು. ಕಾರು ಹೊರಟಿತು. ಸೋಮವಾರಪೇಟೆ ದಾಟುವವರೆಗೆ ಅವರು ಮುಂದಿನ ಸೀಟಿನ ಬೆನ್ನು ಹಿಡಿದು, ಕತ್ತು ಚಾಚಿ ಕುಳಿತೇ ಇದ್ದರು. ತಿರುವು ಬಂದಾಗಲೆಲ್ಲ ಅವರ ಕೈ ಏಳುತ್ತಿತ್ತು, ತಟ್ಟಲು ಮೊಣಕಾಲು ಸಿಗದೆ ಮಡಿಲಿಗೆ ಬೀಳುತ್ತಿತ್ತು. ನನ್ನ ಗಂಡ ತಿರುವಿಗೊಮ್ಮೆ ಹಾರನ್ ಹೊಡೆಯುತ್ತಿದ್ದರು, ಎದುರಿನ ಹಾರನ್ನಿಗೆ ಪಕ್ಕಕ್ಕೆ ಸರಿಯುತ್ತಿದ್ದರು. ಮಾದಾಪುರ ಕಳೆದ ಮೇಲೆ ಅತ್ತೆಯ ಕೈ ಏಳುವುದು ನಿಂತಿತು. ಬೆನ್ನು ಸೀಟಿಗೆ ತಾಗಿತು. ತಲೆ ಕಿಟಕಿಯ ಕಡೆ ತಿರುಗಿತು.

"ಅಯ್ಯೋ, ಇಲ್ಲೊಂದು ಕೆರೆ ಐತಾ!" ಎಂದರು.

ರಸ್ತೆಗೆ ತಾಗಿಕೊಂಡೇ ಇತ್ತು ಕೆರೆ, ತುಂಬ ತಾವರೆ ಎಲೆ, ಆಚೆ ದಡದಲ್ಲಿ ಎಮ್ಮೆಗಳು. ನನ್ನ ಗಂಡ ನಕ್ಕರು. "ಏನವ್ವ ನೀನು! ಈ ದಾರೀಲಿ ಎಷ್ಟು ಸಲ ಬಂದಿದ್ದೀಯ. ನಾನು ಚಿಕ್ಕೋನಾಗಿದ್ದಾಗ್ಲಿಂದ ಐತೆ." ನಗುತ್ತಿದ್ದವರು ಥಟ್ಟನೆ ನಿಲ್ಲಿಸಿಬಿಟ್ಟರು. ಅವರಿಗೂ ಹೊಳೆದಿರಬೇಕು. ಕಾರನ್ನು ಬದಿಗೆ ತೆಗೆದು ನಿಲ್ಲಿಸಿದರು. ಅತ್ತೆ ಇಳಿದು, ಸೆರಗನ್ನು ಮೈತುಂಬ ಹೊದ್ದು, ಕೆರೆಯ ಏರಿಯ ಮೇಲೆ ಹೋಗಿ ನಿಂತರು.

ಏನೂ ಕೇಳಿಸದ ಮಾವ ಕೆಳಗಿಳಿದು, ಏನಾಯಿತು ಎಂದು ಕೈಸನ್ನೆಯಲ್ಲಿ ನನ್ನನ್ನು ಕೇಳಿದರು. ನಾನು ಅವರ ಕಿವಿಯ ಹತ್ತಿರ ಹೋಗಿ ಕೂಗಿದೆ: "ಅತ್ತೆ ಕೆರೆ ನೋಡ್ತಾ ಅವ್ರೆ!"

"ಯಾವಾಗ್ಲೂ ನೋಡೋ ಕೆರೆ ಅಲ್ವಾ ಅದು?"

"ಇಲ್ಲ ಮಾವ. ಇಷ್ಟು ವರ್ಷ ಅವ್ರು ಲಾರಿ ನೋಡ್ತಿದ್ರು!"

ಮಾವ ಅಲ್ಲೇ ನಿಂತರು. ಏರಿಯ ಮೇಲೆ ನಿಂತಿದ್ದ ಹೆಂಡತಿಯ ಬೆನ್ನನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ನನ್ನ ಗಂಡ, ಮಗುವಿಗೆ ಬಿಸಿಲಾಗುತ್ತದೆ, ಹೊರಡೋಣ ಎಂದು ಸ್ಟೇರಿಂಗಿನಿಂದ ಸನ್ನೆ ಮಾಡಿದರು. ಮಾವ ಅವರ ಕಡೆ ತಿರುಗಿ ಮುಷ್ಟಿ ಎತ್ತಿ ಕೂಗಿದರು:

"ಇರೋ, ಅವಸರ ಮಾಡ್ಬೇಡ. ಅವಳು ನೋಡೋವಷ್ಟು ನೋಡ್ಲಿ."